ಅಂಥ ಕಾಗದ ಇರಲಿಲ್ಲ

ಗಿರಣಿಯ ಗೇಟು ದಾಟಿದರೆ, ಬೆರಳೊತ್ತಿ ಹಾಜರಿ ಹಾಕುವ ಯಂತ್ರದ ಪಕ್ಕದ ಗೋಡೆಯ ಮೇಲೆ ಆ ಹಾಳೆ ಇತ್ತು. ಹಳದಿ ಹಾಳೆ, ಕೆಂಪು ಅಕ್ಷರ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಮೂಲೆಯಲ್ಲಿ ಒಬ್ಬ ಹುಡುಗಿಯ ಚಿತ್ರ: ಎರಡು ಜಡೆ, ಎತ್ತಲೋ ನೋಡುತ್ತಿರುವ ಕಣ್ಣು, ಬೆನ್ನ ಹಿಂದೆ ಹಲ್ಲು ಕಿರಿಯುವ ಯಂತ್ರ. ಕೆಳಗೆ ಬರೆದಿತ್ತು: ‘ಒಂದು ಕ್ಷಣದ ನಿರ್ಲಕ್ಷ್ಯ, ಒಂದು ಜೀವ. ಇದೇ ಗಿರಣಿಯಲ್ಲಿ ಯಂತ್ರ ನಿಲ್ಲಿಸದೆ ಕೈ ಹಾಕಿದ ಕೆಲಸಗಾರ್ತಿಯೊಬ್ಬರು ಪ್ರಾಣ ಕಳೆದುಕೊಂಡರು. ನೀವು ಹಾಗೆ ಮಾಡಬೇಡಿ.’

ಆ ಕೆಲಸಗಾರ್ತಿ ದೊಡ್ಡಕ್ಕನ ಮಗಳು. ಅವಳಿಗೆ ಎರಡಲ್ಲ, ಒಂದು ಜಡೆಯೂ ಇರಲಿಲ್ಲ. ಕೆಲಸಕ್ಕೆ ಸೇರಿದ ವಾರವೇ, ಯಂತ್ರಕ್ಕೆ ಸಿಕ್ಕೀತೆಂದು ಕತ್ತಿನ ಮಟ್ಟಕ್ಕೆ ಕೂದಲು ಕತ್ತರಿಸಿಕೊಂಡು ಬಂದವಳು ಅವಳು. ನೂಲಿನ ಸಾವಿರ ಎಳೆಗಳನ್ನು ಒಂದು ದೊಡ್ಡ ಉರುಳೆಗೆ ಸುತ್ತುವ ಯಂತ್ರದಲ್ಲಿ ಅವಳ ಕೆಲಸ. ಯಂತ್ರದ ಉದ್ದಕ್ಕೂ ಸೊಂಟದ ಎತ್ತರದಲ್ಲಿ ಒಂದು ಕೆಂಪು ಹಗ್ಗ. ಏನಾದರೂ ಎಡವಟ್ಟಾದರೆ ಅದನ್ನೆಳೆಯಬೇಕು, ಎಳೆದ ಕೂಡಲೇ ಯಂತ್ರ ನಿಲ್ಲಬೇಕು. ಅವಳ ತೋಳು ಸಿಕ್ಕಿಕೊಂಡ ದಿನ ಅದು ನಿಲ್ಲಲಿಲ್ಲ. ಅವಳು ಹಗ್ಗ ಎಳೆಯಲೇ ಇಲ್ಲ ಎಂದು ಗಿರಣಿ ಹೇಳಿತು. ಎಳೆದಳೆಂದು ಹೇಳಬಲ್ಲ ಇಬ್ಬರು ಹುಡುಗಿಯರು ಮರುವಾರ ಬೇರೆ ಪಾಳಿಗೆ ಹೋದರು, ಅದರ ಮರುವಾರ ಕೆಲಸವನ್ನೇ ಬಿಟ್ಟು ಹೋದರು. ಎಲ್ಲಿಗೆ ಹೋದರೋ ಯಾರಿಗೂ ಗೊತ್ತಿಲ್ಲ.

ದೊಡ್ಡಕ್ಕ ಅದೇ ಗಿರಣಿಯ ಮಗ್ಗದ ಹಾಲಿನಲ್ಲಿ ಮೂವತ್ತೊಂದು ವರ್ಷ ನೇಯ್ದವಳು. ಹೊಸ ಹುಡುಗಿಯರಿಗೆಲ್ಲ ಕಡಿದ ಎಳೆಗೆ ಗಂಟು ಹಾಕುವುದನ್ನು ಕಲಿಸಿದ್ದಕ್ಕೆ ಆ ಹೆಸರು ಬಂತು, ನಿವೃತ್ತಿಯ ನಂತರವೂ ಅಂಟಿಕೊಂಡಿತು. ಹಾಳೆಯ ಸುದ್ದಿ ಕೇಳಿ ಅವಳು ಗೇಟಿಗೆ ಹೋದಳು. ಕಾವಲುಗಾರ ಒಳಗೆ ಬಿಡಲಿಲ್ಲ. ಮ್ಯಾನೇಜರು ತಾವೇ ಹೊರಗೆ ಬಂದು, ಕೈಮುಗಿದು, ‘ದೊಡ್ಡಕ್ಕ, ಅದರಲ್ಲಿ ಯಾರ ಹೆಸರೂ ಹಾಕಿಲ್ಲ ನೋಡಿ. ಬೇರೆ ಮಕ್ಕಳಿಗೆ ಪಾಠ ಆಗ್ಲಿ ಅಂತ ಅಷ್ಟೇ’ ಎಂದರು.

‘ನನ್ನ ಮಗಳನ್ನ ಕೊಂದಿದ್ದಲ್ದೆ ಪಾಠ ಬೇರೆ ಮಾಡ್ಕೊಂಡ್ರಾ?’ ಎಂದು ದೊಡ್ಡಕ್ಕ ಕೇಳಿದಳು. ಮ್ಯಾನೇಜರ ಕೈ ಮುಗಿದ ಹಾಗೇ ಇತ್ತು.

ಅವಳಿಗೆ ಬೇಕಿದ್ದದ್ದು ಒಂದೇ. ಆ ಹಾಳೆ ಗೋಡೆಯಿಂದ ಇಳಿಯಬೇಕು. ತಪ್ಪು ಮಗಳದಲ್ಲ ಎಂದು ಯಾರಾದರೂ ಒಬ್ಬರು, ಬರೆಯಲು ಅಧಿಕಾರವಿದ್ದವರು, ಬರೆದುಕೊಡಬೇಕು.

*

ವಕೀಲೆಯ ಆಫೀಸು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ರಬ್ಬರಿನ ವಾಸನೆ ಗಂಟಲಿಗೆ ಬಡಿಯುತ್ತಿತ್ತು. ದೊಡ್ಡಕ್ಕನ ಜೊತೆ ನಾದಿನಿ ಬಂದಿದ್ದಳು. ದೊಡ್ಡಕ್ಕನ ಗಂಡ ಸತ್ತ ಮೇಲೆ ಈ ಇಬ್ಬರು ಹೆಂಗಸರೇ ಒಂದೇ ಮನೆಯಲ್ಲಿ ಆ ಹುಡುಗಿಯನ್ನು ಬೆಳೆಸಿದ್ದರು. ನಾದಿನಿಯೂ ಮಗ್ಗದವಳೇ. ಕಿವಿ ಪೂರ್ತಿ ಹೋಗಿ, ತನ್ನ ದನಿ ತನಗೇ ಕೇಳಿಸದೆ, ಗುಟ್ಟನ್ನೂ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ಅದಕ್ಕೇ ಅವಳನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು.

ವಕೀಲೆ ಚಿಕ್ಕ ವಯಸ್ಸಿನವಳು. ಎದುರಿದ್ದವರ ಕಿವಿಯ ವಿಷಯ ಗೊತ್ತಾದ ಮೇಲೆ ಮುಖ ಎತ್ತಿ ನಿಧಾನವಾಗಿ ಮಾತಾಡುತ್ತಿದ್ದಳು.

‘ಮೊದಲೆಲ್ಲ ನೇರವಾಗಿ ಕೋರ್ಟಿಗೆ ಹೋಗಬಹುದಿತ್ತು, ಅಮ್ಮ. ಈಗ ಹೊಸ ಕಾನೂನು ಬಂದಿದೆ. ದಾವೆ ಹಾಕೋಕೆ ಮುಂಚೆ ಸಂಧಾನಕ್ಕೆ ಕೂರಲೇಬೇಕು. ಎರಡೂ ಕಡೆಯವರು, ಮಧ್ಯ ಒಬ್ಬರು ಸಂಧಾನಕಾರರು. ಅದೂ ಆನ್‌ಲೈನ್. ಕಂಪ್ಯೂಟರ್ ಮುಂದೆ ಕೂತ್ಕೊಂಡು.’

‘ಅಂದ್ರೆ ಹೊಡೆದೋನ ಜೊತೆ ಮೊದಲು ಚಹಾ ಕುಡೀಬೇಕು, ಆಮೇಲೆ ಪೊಲೀಸ್ನೋರನ್ನ ಕರೀಬೇಕು ಅನ್ನಿ’ ಎಂದು ರೇಡಿಯೋ ಕೂಗಿದಳು. ಕೆಳಗೆ ಟೈರ್ ಅಂಗಡಿಯವನು ತಲೆ ಎತ್ತಿ ನೋಡಿದ.

‘ಚಹಾನೂ ಅವರವರ ಮನೇದೇ, ಅತ್ತೆ’ ಎಂದು ವಕೀಲೆ ನಕ್ಕಳು. ‘ಕೋರ್ಟಲ್ಲಿ ಹನ್ನೆರಡು ವರ್ಷ ಆಗೋದು ಇಲ್ಲಿ ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗತ್ತೆ ಅಂತಾರೆ. ಕೆಲವು ಸಲ ಮುಗಿಯತ್ತೂ. ಇಲ್ಲ ಅನ್ನಲ್ಲ.’

‘ಹಾಳೆ ಇಳಿಸ್ತಾರಾ?’ ದೊಡ್ಡಕ್ಕ ಕೇಳಿದಳು.

‘ಕೇಳೋಣ. ಅದನ್ನೇ ಮೊದಲು ಕೇಳೋಣ. ಒಂದು ವಿಷಯ ಮಾತ್ರ ನೆನಪಿರಲಿ: ಅಲ್ಲಿ ಆಡಿದ ಮಾತು ಅಲ್ಲಿಗೇ. ಅವರು ಅಲ್ಲಿ ಏನೇ ಒಪ್ಕೊಂಡ್ರೂ ನಾಳೆ ಕೋರ್ಟಲ್ಲಿ ಅದನ್ನ ಎತ್ತೋ ಹಾಗಿಲ್ಲ. ನಾವು ಆಡಿದ್ದೂ ಅಷ್ಟೇ. ಮನಸ್ಸು ಬಿಚ್ಚಿ ಮಾತಾಡ್ಲಿ ಅಂತ ಆ ನಿಯಮ.’

ಯಾರ ಮನಸ್ಸು, ಯಾವುದನ್ನು ಬಿಚ್ಚಬೇಕು ಎಂದು ಕಾನೂನು ಬರೆದವರು ಕೇಳಿಕೊಂಡಿರಲಿಕ್ಕಿಲ್ಲ. ಮಗಳನ್ನು ಕಳೆದುಕೊಂಡವಳ ಬಳಿ ಮುಚ್ಚಿಡುವಂಥದ್ದು ಏನಿರುತ್ತದೆ? ಮುಚ್ಚಳ ಬೇಕಾದದ್ದು ಪಾತ್ರೆಯಲ್ಲಿ ಏನೋ ಇರುವವರಿಗೆ.

*

ಸಂಧಾನದ ದಿನ ಬೆಳಿಗ್ಗೆ ಹನ್ನೊಂದಕ್ಕೆ ವಕೀಲೆಯ ಮೇಜಿನ ಮೇಲೆ ಪರದೆ ಬೆಳಗಿತು. ಪಕ್ಷಗಾರರು ಮತ್ತು ವಕೀಲರಿಗೆ ಮಾತ್ರ ಪ್ರವೇಶವಾದ್ದರಿಂದ ರೇಡಿಯೋ ಹೊರಗೆ ಮೆಟ್ಟಿಲ ಮೇಲೆ ಕೂರಬೇಕಾಯಿತು. ‘ನಾನೇನು ಒಳಗಡೆ ಬಂದು ಹಾಡು ಹೇಳ್ತೀನಾ?’ ಎಂದು ಗೊಣಗಿಕೊಂಡೇ ಹೋದಳು.

ಪರದೆಯಲ್ಲಿ ಮೂರು ಚೌಕಗಳಿದ್ದವು. ಒಂದರಲ್ಲಿ ದೊಡ್ಡಕ್ಕ ಮತ್ತು ವಕೀಲೆ. ಇನ್ನೊಂದರಲ್ಲಿ ಸಂಧಾನಕಾರರು, ನಿವೃತ್ತ ನ್ಯಾಯಾಧೀಶರು, ನರೆತ ತಲೆ, ಒಳ್ಳೆಯ ಕಣ್ಣು. ಮೂರನೆಯದರಲ್ಲಿ ಉದ್ದನೆಯ ಮೇಜು, ಅದರ ಹಿಂದೆ ಮ್ಯಾನೇಜರು ಮತ್ತು ಗಿರಣಿಯ ವಕೀಲರು. ಮ್ಯಾನೇಜರು ನುಣ್ಣಗೆ ಮುಖ ಬೋಳಿಸಿಕೊಂಡಿದ್ದರು. ಗಿರಣಿಯ ವಕೀಲರಿಗೆ ಮೇಲ್ತುಟಿ ಮುಚ್ಚುವಷ್ಟು ದಟ್ಟ ಮೀಸೆ.

ಮಗ್ಗದ ಹಾಲಿನ ಸದ್ದು ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಇನ್ನೂರು ಮಗ್ಗಗಳು ಒಟ್ಟಿಗೆ ಬಡಿಯುವಲ್ಲಿ ಕಿವಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿನ ಹೆಂಗಸರು ಮಾತಾಡುವುದು ತುಟಿಯಿಂದ, ಕೇಳುವುದು ಕಣ್ಣಿನಿಂದ. ಹಾಲಿನ ಆ ತುದಿಯವಳು ಈ ತುದಿಯವಳಿಗೆ ಗಂಡನ ಕುಡಿತ, ಮಗುವಿನ ಜ್ವರ, ಮೇಸ್ತ್ರಿಯ ಹಲ್ಕಟ್ ನಗೆ ಎಲ್ಲವನ್ನೂ ದನಿಯೇ ಇಲ್ಲದೆ ಹೇಳುತ್ತಾಳೆ. ಇವಳು ಅಲ್ಲಿಂದಲೇ ಬಿದ್ದು ಬಿದ್ದು ನಗುತ್ತಾಳೆ. ವರ್ಷಗಳು ಕಳೆದಂತೆ ಕಿವಿ ನಿಜಕ್ಕೂ ಹೋಗುತ್ತದೆ. ಹೋದದ್ದು ಬಹಳ ತಡವಾಗಿ ಗೊತ್ತಾಗುತ್ತದೆ, ಯಾಕೆಂದರೆ ಆ ಹೊತ್ತಿಗೆ ಯಾರಿಗೂ ಅದರ ಅಗತ್ಯ ಉಳಿದಿರುವುದಿಲ್ಲ.

ವಕೀಲೆ ಸ್ಪೀಕರಿನ ದನಿ ಎಷ್ಟು ಹೆಚ್ಚಿಸಿದರೂ ದೊಡ್ಡಕ್ಕನಿಗೆ ಅದೊಂದು ಗೊಜಗೊಜ ಸದ್ದು ಅಷ್ಟೇ. ಅವಳು ತುಟಿಗಳನ್ನೇ ನೋಡುತ್ತಿದ್ದಳು. ಸಂಧಾನಕಾರರ ತುಟಿ ಸ್ಪಷ್ಟವಾಗಿತ್ತು. ‘ಇಲ್ಲಿ ಯಾರೂ ಗೆಲ್ಲೋದಿಲ್ಲ, ಯಾರೂ ಸೋಲೋದಿಲ್ಲ. ನಿಮ್ಮ ದುಃಖ ನನಗೆ ಅರ್ಥ ಆಗತ್ತೆ ತಾಯಿ’ ಎಂದರು ಅವರು. ಅವಳು ತಲೆ ಆಡಿಸಿದಳು. ವಕೀಲೆ ಬೇಡಿಕೆಗಳನ್ನು ಓದಿದಳು: ಹಾಳೆ ತೆಗೆಯಬೇಕು, ಅಪಘಾತದ ವರದಿಯಲ್ಲಿರುವ ‘ಕೆಲಸಗಾರ್ತಿಯ ಸ್ವಂತ ನಿರ್ಲಕ್ಷ್ಯದಿಂದ’ ಎಂಬ ಮಾತನ್ನು ಹಿಂತೆಗೆಯಬೇಕು, ಪರಿಹಾರ ಕೊಡಬೇಕು. ಗಿರಣಿಯ ವಕೀಲರು ಮೀಸೆಯೊಳಗಿಂದ ಏನೋ ಹೇಳಿದರು. ಸಂಧಾನಕಾರರು, ‘ಆಗಲಿ, ನೀವಿಬ್ಬರೂ ನಿಮ್ಮನಿಮ್ಮಲ್ಲೇ ಮಾತಾಡ್ಕೊಳ್ಳಿ’ ಎಂದರು. ವಕೀಲೆ ತನ್ನ ಮುಂದಿನ ಕಾಗದಗಳತ್ತ ಬಗ್ಗಿದಳು.

ಮೂರನೆಯ ಚೌಕದಲ್ಲಿ ಮ್ಯಾನೇಜರು ತಮ್ಮ ವಕೀಲರತ್ತ ಅರ್ಧ ತಿರುಗಿ ಮಾತಾಡತೊಡಗಿದರು. ದೊಡ್ಡಕ್ಕ ನೋಡಿದಳು. ಮೀಸೆಯವರು ಏನು ಕೇಳಿದರೋ ಅವಳಿಗೆ ತಿಳಿಯಲಿಲ್ಲ. ಮ್ಯಾನೇಜರ ತುಟಿ ಮಾತ್ರ ಹತ್ತು ಅಡಿ ದೂರದ ಮಗ್ಗದಿಂದ ಗೆಳತಿ ಮಾತಾಡಿದಷ್ಟು ನಿಚ್ಚಳವಾಗಿತ್ತು.

‘ಆ ಹುಡುಗೀನೇ ಬರೆದುಕೊಟ್ಟಿದ್ಲು ಸಾರ್. ಹಗ್ಗ ಎಳೆದ್ರೂ ಮಿಷಿನ್ನು ನಿಲ್ತಿಲ್ಲ, ಸರಿ ಮಾಡ್ಸಿ ಅಂತ.’

ಮೀಸೆ ಅಲುಗಿತು.

‘ಸಾಯೋಕೆ ಹನ್ನೊಂದು ದಿನ ಮುಂಚೆ. ಕೈಬರಹದಲ್ಲೇ. ಮೇಸ್ತ್ರಿ ನನ್ನ ಹತ್ರ ತಂದುಕೊಟ್ಟ.’

ಮೀಸೆ ಮತ್ತೆ ಅಲುಗಿತು.

‘ಇದೆ. ನನ್ನ ಬೀರೂನಲ್ಲೇ ಇದೆ.’

ಅಬ್ಬಾ, ಹೇಳಿಬಿಟ್ಟರು, ಎಲ್ಲರ ಎದುರಿಗೇ ಹೇಳಿಬಿಟ್ಟರು ಎಂದುಕೊಂಡಳು ದೊಡ್ಡಕ್ಕ. ಇಷ್ಟು ದಿನ ಬೈದಿದ್ದಕ್ಕೆ ಒಂದು ಗಳಿಗೆ ಅವಳಿಗೆ ನಾಚಿಕೆಯೂ ಆಯಿತು. ಮುಂದಕ್ಕೆ ಬಾಗಿ, ಪರದೆಯ ಹತ್ತಿರ ಮುಖ ತಂದು, ಹಳೆಯ ಪರಿಚಯದವರೊಡನೆ ಮಾತಾಡುವ ಹಾಗೆ ಕೇಳಿದಳು:

‘ಬೀರೂನಲ್ಲಿದ್ರೆ ತರಿಸಿ ಅಯ್ಯಾ. ನನ್ನ ಮಗಳು ಬರೆದಿದ್ದು ನಾನೊಂದ್ಸಲ ನೋಡ್ತೀನಿ. ಹನ್ನೊಂದು ದಿನ ಮುಂಚೇನೇ ಬರೆದುಕೊಟ್ಟಿದ್ಲಾ?’

ಸಂಧಾನಕಾರರ ಹುಬ್ಬು ಮೇಲೇರಿತು. ವಕೀಲೆ ಥಟ್ಟನೆ ತಲೆ ಎತ್ತಿದಳು. ಮ್ಯಾನೇಜರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಮರುಕ್ಷಣ ಮೂರನೆಯ ಚೌಕ ಕಪ್ಪಾಯಿತು.

‘ಅಮ್ಮ, ಏನಂದ್ರಿ? ಯಾವುದು?’ ವಕೀಲೆ ಅವಳ ಭುಜ ಹಿಡಿದು ಕೇಳಿದಳು.

‘ಈಗ ಹೇಳಿದ್ರಲ್ಲ ಅವ್ರು. ಕಾಗದದ ವಿಷಯ. ನಿಮಗೆ ಕೇಳಿಸ್ಲಿಲ್ವಾ?’

‘ಅಮ್ಮ, ಅವರು ದನಿ ಬಂದ್ ಮಾಡ್ಕೊಂಡಿದ್ರು. ಯಾರಿಗೂ ಏನೂ ಕೇಳಿಸಿಲ್ಲ.’

ದೊಡ್ಡಕ್ಕ ವಕೀಲೆಯ ತುಟಿಯನ್ನೇ ನೋಡಿದಳು. ದನಿ ಬಂದ್ ಮಾಡುವುದೆಂದರೇನು ಎಂದು ಅವಳಿಗೆ ಕೂಡಲೇ ಅರ್ಥವಾಗಲಿಲ್ಲ. ಅವಳ ಲೋಕದಲ್ಲಿ ಹಾಗೆ ಬಂದ್ ಆಗಿ ಬಹಳ ಕಾಲವಾಗಿತ್ತು.

ಐದು ನಿಮಿಷದ ಮೇಲೆ ಮೂರನೆಯ ಚೌಕ ಮತ್ತೆ ಬೆಳಗಿದಾಗ ಅಲ್ಲಿ ಮೀಸೆಯ ವಕೀಲರು ಒಬ್ಬರೇ ಇದ್ದರು. ಅವರ ಮಾತನ್ನು ದೊಡ್ಡಕ್ಕನ ವಕೀಲೆ ಒಂದು ಚೀಟಿಯಲ್ಲಿ ಬರೆದು ತೋರಿಸುತ್ತ ಹೋದಳು: ‘ತಾಯಿಯ ದುಃಖವನ್ನು ಗೌರವಿಸುತ್ತೇವೆ. ದುಃಖದಲ್ಲಿ ಮನುಷ್ಯರಿಗೆ ಏನೇನೋ ಕಾಣಿಸುತ್ತದೆ. ಅಂಥ ಕಾಗದ ಯಾವುದೂ ಇಲ್ಲ. ಮೇಲಾಗಿ, ನಮ್ಮೊಳಗಿನ ಖಾಸಗಿ ಮಾತನ್ನು ಕದ್ದು ನೋಡಿದ್ದು ಸಂಧಾನದ ನಿಯಮಕ್ಕೆ ವಿರುದ್ಧ.’

ಕದ್ದು ನೋಡಿದ್ದು! ಕೂಲಿಯವರ ಕಿವಿಯನ್ನು ಮೂವತ್ತೊಂದು ವರ್ಷ ತಿಂದು ತೇಗಿದವರು, ಅವಳಿಗೆ ಉಳಿದ ಕಣ್ಣಿನ ಮೇಲೂ ಕಳ್ಳತನದ ಆರೋಪ ಹೊರಿಸಿದರು.

‘ಸಾರ್, ಈ ಮೀಟಿಂಗ್ ರೆಕಾರ್ಡ್ ಆಗಿದೆಯಾ?’ ವಕೀಲೆ ಸಂಧಾನಕಾರರನ್ನು ಕೇಳಿದಳು.

‘ಇಲ್ಲಮ್ಮ. ರೆಕಾರ್ಡ್ ಮಾಡಬಾರದು ಅಂತಲೇ ನಿಯಮ.’ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ನಾನು ನೋಡ್ತಾ ಇದ್ದೆ. ಆದರೆ ನನಗೆ ತುಟಿ ಓದೋಕೆ ಬರಲ್ಲವಲ್ಲ. ಬಂದಿದ್ದರೂ ನಾನು ಹೊರಗೆ ಹೇಳೋ ಹಾಗಿಲ್ಲ.’

ಒಳ್ಳೆಯ ಮನುಷ್ಯ. ಅವರ ಒಳ್ಳೆಯತನಕ್ಕೂ ಒಂದು ನಿಯಮವಿತ್ತು.

*

ಮೆಟ್ಟಿಲ ಮೇಲೆ ರೇಡಿಯೋ ಎದ್ದು ನಿಂತಿದ್ದಳು. ದೊಡ್ಡಕ್ಕ ದನಿಯಿಲ್ಲದೆ, ತುಟಿಯಲ್ಲೇ, ಮಗ್ಗದ ಹಾಲಿನಲ್ಲಿ ಹೇಳುತ್ತಿದ್ದಂತೆ ಎಲ್ಲವನ್ನೂ ಹೇಳಿದಳು. ರೇಡಿಯೋ ಮತ್ತೆ ಕೂತಳು.

‘ಬರೆದುಕೊಟ್ಟಿತ್ತಾ ನಮ್ಮ ಕೂಸು?’

ವಕೀಲೆ ಹಿಂದಿನಿಂದ ಬಂದು ಇಬ್ಬರಿಗೂ ಕಾಣುವಂತೆ ಕೆಳಗಿನ ಮೆಟ್ಟಿಲಲ್ಲಿ ನಿಂತಳು. ‘ನೋಡಿ, ಸಂಧಾನದಲ್ಲಿ ಅವರು ಹೀಗಂದ್ರು ಅಂತ ನಾವು ಕೋರ್ಟಲ್ಲಿ ಹೇಳೋ ಹಾಗಿಲ್ಲ. ಆದ್ರೆ ಕಾಗದ ಅಂತ ಒಂದಿದ್ರೆ ಅದು ಬೇರೆ. ಅದನ್ನ ಕೋರ್ಟ್ ಮೂಲಕ ತರಿಸಬಹುದು. ಮುನ್ಸೂಚನೆ ಇಲ್ದೆ ಹೋಗಿ ಬೀರು ತೆಗೆಸಿ ವಶ ಮಾಡ್ಕೊಳ್ಳಿ ಅಂತ ಆದೇಶಾನೂ ಕೇಳಬಹುದು. ಅವರಿಗೆ ಗೊತ್ತಾಗೋ ಮುಂಚೆ…’

ಅವಳು ಅಲ್ಲಿಗೇ ನಿಲ್ಲಿಸಿದಳು. ಮಾತು ಎತ್ತ ಹೋಗುತ್ತಿದೆಯೆಂದು ಅವಳಿಗೆ ಗೊತ್ತಾಗಿತ್ತು. ದೊಡ್ಡಕ್ಕನಿಗೂ ಗೊತ್ತಾಯಿತು.

‘ನಾನು ಸುಮ್ನೆ ಕೂತಿದ್ರೆ ಸಿಕ್ತಿತ್ತು ಅನ್ನಿ.’

‘ಹಾಗಲ್ಲ ಅಮ್ಮ.’

‘ಹಾಗೇ. ಹೊರಗೆ ಬಂದು ನಿಮ್ಮ ಹತ್ರ ಮಾತ್ರ ಹೇಳಿದ್ರೆ ಸಿಕ್ತಿತ್ತು.’

ವಕೀಲೆ ಆ ಸಂಜೆಯೇ ಕೂತು ದಾವೆ ಬರೆದಳು. ಈಗ ದಾವೆಯನ್ನೂ ಕಂಪ್ಯೂಟರಿನಲ್ಲೇ ಹಾಕಬೇಕು. ಗುಮಾಸ್ತರ ಕೈಬಿಸಿ ಮಾಡುವ ಹಾಗಿಲ್ಲ, ಕೈಕಾಲು ಹಿಡಿಯುವ ಹಾಗೂ ಇಲ್ಲ. ಸಂಧಾನ ಮುರಿದಿದೆಯೆಂಬ ಪ್ರಮಾಣಪತ್ರ ಇಲ್ಲದೆ ಯಂತ್ರ ದಾವೆಯನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಆ ಪತ್ರ ಬರಲು ನಾಲ್ಕು ದಿನ ಹಿಡಿಯಿತು.

ಆ ನಾಲ್ಕು ದಿನಗಳಲ್ಲಿ ಆದದ್ದನ್ನು ಗಿರಣಿಯ ಆಫೀಸು ಗುಡಿಸುವ ಹೆಂಗಸು ತರಕಾರಿ ಅಂಗಡಿಯ ಮುಂದೆ ರೇಡಿಯೋಗೆ ಹೇಳಿದಳು. ಸಂಧಾನದ ಮರುದಿನ ಊಟದ ಹೊತ್ತಿಗೆ ಮ್ಯಾನೇಜರ ಕೋಣೆಯಿಂದ ಎರಡು ಚೀಲ ಹಳೇ ಕಾಗದ ಬಾಯ್ಲರ್‌ಗೆ ಹೋಯಿತು. ಹೊತ್ತವಳು ಅವಳೇ. ‘ಏನಿತ್ತು ಅಂತ ನನಗೇನು ಗೊತ್ತಕ್ಕಾ, ಓದೋಕೆ ಬಂದ್ರೆ ನಾನ್ಯಾಕೆ ಗುಡಿಸ್ತಿದ್ದೆ?’ ಎಂದಳು. ಕೋರ್ಟಿಗೆ ಬಂದು ಹೇಳುತ್ತೀಯಾ ಎಂದು ಕೇಳಿದರೆ, ಚೀಲದಲ್ಲಿದ್ದ ಬದನೆಕಾಯಿಯನ್ನು ಎಣಿಸುತ್ತ ನಿಂತಳು. ನಾಲ್ಕು ಮಕ್ಕಳ ತಾಯಿ. ಅವಳನ್ನು ಬೈಯಲು ರೇಡಿಯೋಗೂ ಬಾಯಿ ಬರಲಿಲ್ಲ.

ಮನೆಗೆ ಬಂದು ರೇಡಿಯೋ ಇದನ್ನು ಹೇಳುವಾಗ ದೊಡ್ಡಕ್ಕ ಪಾತ್ರೆ ತೊಳೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ತೊಳೆದದ್ದನ್ನೇ ಮತ್ತೆ ತೊಳೆದಳು.

‘ಮೂವತ್ತೊಂದು ವರ್ಷ ಆ ಹಾಲಲ್ಲಿ ಬಾಯಿ ಬಿಡ್ದೆ ಬದುಕಿದೆ ಕಣೇ’ ಎಂದಳು ಕೊನೆಗೆ. ‘ಒಂದೇ ಒಂದು ಸಲ ಬಾಯಿ ಬಿಟ್ಟೆ. ನನ್ನ ಮಗಳ ಅಕ್ಷರ ಸುಟ್ಟುಹೋಯ್ತು.’

*

ಏಳು ತಿಂಗಳ ಮೇಲೆ ಗಿರಣಿ ಪ್ರಮಾಣ ಮಾಡಿ ಬರೆದುಕೊಟ್ಟಿತು: ಬೀರುಗಳನ್ನೆಲ್ಲ ಹುಡುಕಲಾಗಿದೆ, ಅಂಥ ಕಾಗದ ಎಂದೂ ಇರಲಿಲ್ಲ. ನ್ಯಾಯಾಧೀಶೆ ಪರದೆಯಿಂದಲೇ ಕೇಳಿದರು: ‘ಇತ್ತು ಅಂತ ನಿಮಗೆ ಹೇಗೆ ಗೊತ್ತು?’ ವಕೀಲೆ ದೊಡ್ಡಕ್ಕನ ಕಡೆ ನೋಡಿದಳು. ಉತ್ತರ ಇತ್ತು, ಹೇಳುವ ಹಕ್ಕು ಇರಲಿಲ್ಲ. ಹಿಂದೆ ಇಂಥವರ ಬಾಯಿ ಮುಚ್ಚಿಸಲು ಗೂಂಡಾಗಳು ಬೇಕಾಗುತ್ತಿದ್ದರು, ಲಾಠಿ ಬೇಕಾಗುತ್ತಿತ್ತು, ಹೊಡೆದವರ ಮೈಯಲ್ಲೂ ಒಂದಿಷ್ಟು ಬೆವರು ಬರುತ್ತಿತ್ತು. ಈಗ ಕಾನೂನಿನ ಅಚ್ಚುಕಟ್ಟಾದ ಒಂದು ಕಲಮು ಸಾಕು. ಅದನ್ನು ಓದಿದರೆ ಯಾರಿಗೂ ತಪ್ಪೂ ಕಾಣುವುದಿಲ್ಲ.

‘ಎರಡೂ ಕಡೆಯವರು ಇನ್ನೊಂದು ಸಲ ಕೂತು ಮಾತಾಡಿ’ ಎಂದು ನ್ಯಾಯಾಧೀಶೆ ಮತ್ತೆ ಸಂಧಾನಕ್ಕೇ ಕಳಿಸಿದರು. ಈ ಸಲ ಗಿರಣಿಯವರು ಯಾರೂ ಪರದೆಯ ಮೇಲೆ ಮುಖ ತೋರಿಸಲಿಲ್ಲ. ಒಪ್ಪಂದದ ಕರಡು ಮಾತ್ರ ಬಂತು. ವಕೀಲೆ ಅದನ್ನು ಮುದ್ರಿಸಿ, ಇಬ್ಬರು ಹೆಂಗಸರನ್ನೂ ಎದುರು ಕೂರಿಸಿಕೊಂಡು, ನಿಧಾನವಾಗಿ ಓದಿದಳು.

‘ಹಾಳೆ ತೆಗೀತಾರೆ. ಅದು ಬರೆದಿದ್ದಾರೆ. ವರದಿಯಲ್ಲಿ ನಿರ್ಲಕ್ಷ್ಯ ಅನ್ನೋ ಮಾತು ತೆಗೆದು, ಯಾರ ತಪ್ಪೂ ಇಲ್ಲದ ಆಕಸ್ಮಿಕ ಅಂತ ಹಾಕ್ತಾರೆ. ಪರಿಹಾರಾನೂ ನಾವು ಕೇಳಿದ್ದಕ್ಕಿಂತ ಜಾಸ್ತಿ.’

ರೇಡಿಯೋ ಎದ್ದೇಬಿಟ್ಟಳು. ‘ಹಾಳೆ ಇಳೀತಾ! ಎಲ್ಲಿ ಸಹಿ ಮಾಡ್ಬೇಕು, ಪೆನ್ನು ಕೊಡಿ ಇವಳಿಗೆ!’

‘ಕೂತ್ಕೊಳ್ಳಿ ಅತ್ತೆ. ಇನ್ನೂ ಇದೆ.’ ವಕೀಲೆ ಪುಟ ತಿರುಗಿಸಿದಳು. ‘ಮಗಳ ಸಾವಿನ ಬಗ್ಗೆ ಇನ್ನು ಮುಂದೆ ಯಾರ ಹತ್ರಾನೂ ಮಾತಾಡಬಾರದು. ಅದು ಈಗ ಎಲ್ಲ ಒಪ್ಪಂದದಲ್ಲೂ ಇರತ್ತೆ. ಆಮೇಲೆ ಈ ಒಂಬತ್ತನೇ ಷರತ್ತು.’ ಅವಳು ಓದಿದಳು. ‘ಮೃತಳು ಯಂತ್ರದ ದೋಷದ ಬಗ್ಗೆ ಯಾವುದೇ ಲಿಖಿತ ದೂರನ್ನು ಎಂದೂ ಕೊಟ್ಟಿರಲಿಲ್ಲವೆಂದೂ, ಅಂಥ ಕಾಗದ ಇರಲಿಲ್ಲವೆಂದೂ ತಾಯಿ ಈ ಮೂಲಕ ಒಪ್ಪಿಕೊಳ್ಳುತ್ತಾರೆ.’

ಕೆಳಗೆ ಯಾರದೋ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು. ಮೇಜು ಸಣ್ಣಗೆ ನಡುಗುತ್ತಿತ್ತು.

‘ಅದೊಂದನ್ನ ತೆಗೀರಿ ಅಂದ್ರೆ?’

‘ಕೇಳಿದೆ. ಅದಿಲ್ದೆ ಯಾವುದೂ ಇಲ್ಲ ಅಂದ್ರು.’

‘ಸಹಿ ಮಾಡ್ದಿದ್ರೆ?’

‘ಕೇಸು ನಡೆಯತ್ತೆ. ನಾನು ಬಿಡಲ್ಲ. ಆದ್ರೆ ಕಾಗದ ಇಲ್ಲ, ಸಾಕ್ಷಿ ಇಲ್ಲ. ಸುಳ್ಳು ಹೇಳಲ್ಲ ಅಮ್ಮ, ಗೆಲ್ತೀವಿ ಅನ್ನೋಕೆ ನನಗೆ ಧೈರ್ಯ ಇಲ್ಲ. ಅಲ್ಲೀವರೆಗೂ ಹಾಳೆ ಅಲ್ಲೇ ಇರತ್ತೆ.’

ರೇಡಿಯೋ ಅತ್ತಿಗೆಯ ಮೊಣಕೈ ಜಗ್ಗಿದಳು. ‘ಹಾಕೇ ಸಹಿ. ಕಾಗದ ಹೇಗೂ ಬೂದಿ ಆಯ್ತು. ಇಲ್ಲ ಅಂದ್ರೇನು, ಇತ್ತು ಅಂದ್ರೇನು? ದಿನಾ ಬೆಳಿಗ್ಗೆ ಆರುನೂರು ಹುಡುಗೀರು ಅದನ್ನ ನೋಡ್ಕೊಂಡು ಒಳಗೆ ಹೋಗ್ತಾರೆ. ನಮ್ಮ ಕೂಸಿನ ತಲೆ ಮೇಲೆ ಗೂಬೆ ಕೂರ್ಸಿದಾರೆ, ಮೊದಲು ಅದು ಇಳೀಲಿ!’

‘ಇಳಿಸೋಕೆ ನಾನು ಇನ್ನೊಂದನ್ನ ಕೂರ್ಸಬೇಕಲ್ಲೇ’ ಎಂದಳು ದೊಡ್ಡಕ್ಕ. ‘ಅವರು ಕೂರ್ಸಿದ್ದು ಗೋಡೆ ಮೇಲೆ ಇದೆ. ನಾನು ಕೂರ್ಸಿದ್ದು ನನ್ನ ಕೈಬರಹದಲ್ಲಿ ಇರತ್ತೆ. ಮಗಳು ಹೆದರದೆ ಬರೆದಿದ್ಲು. ತಾಯಿ ಆಗಿ ನಾನು ಅವಳು ಬರೀಲೇ ಇಲ್ಲ ಅಂತ ಬರೀಲಾ?’

‘ಸತ್ತೋರಿಗೆ ಗೊತ್ತಾಗತ್ತಾ ಅತ್ತಿಗೆ?’

‘ನನಗೆ ಗೊತ್ತಾಗತ್ತಲ್ಲ.’

ವಕೀಲೆ ಪೆನ್ನನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ತಿರುಗಿದಳು. ಅವಳ ತುಟಿ ಕಾಣದೆ, ಅವಳೇನಾದರೂ ಹೇಳಿದಳೋ ಇಲ್ಲವೋ ದೊಡ್ಡಕ್ಕನಿಗೆ ತಿಳಿಯಲಿಲ್ಲ. ತಿರುಗಿ ಬಂದು ಕಂಪ್ಯೂಟರಿನಲ್ಲಿ ಒಂದು ಕಡೆ ಒತ್ತಿದಳು. ಒಪ್ಪಂದ ಆಗಲಿಲ್ಲ ಎಂದು ಹೇಳಲು ಒಂದು ಬೆರಳು ಸಾಕಾಯಿತು. ಮುಂದಿನ ದಿನಾಂಕ ಬಂದದ್ದು ಹದಿನಾಲ್ಕು ತಿಂಗಳ ಆಚೆಗೆ.

*

ಬಸ್ಸಿನಲ್ಲಿ ರೇಡಿಯೋ ಮುಖ ತಿರುಗಿಸಿಕೊಂಡು ಕೂತಿದ್ದಳು. ಮಾತು ಬಿಡುವುದೆಂದರೆ ಅವರಿಬ್ಬರ ನಡುವೆ ಹಾಗೇ. ತುಟಿ ಕಾಣದಂತೆ ಕೂತರೆ ಮುಗಿಯಿತು. ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ಹೋಗಿ ಎರಡು ಲೋಟ ಚಹಾ ಮಾಡಿ ತಂದಳು. ಒಂದನ್ನು ಅತ್ತಿಗೆಯ ಮುಂದೆ ಕುಕ್ಕಿದಳು. ಸಕ್ಕರೆ ಹಾಕಿರಲಿಲ್ಲ.

‘ಕೋಪಕ್ಕೆ ಸಕ್ಕರೆ ಯಾಕೆ ಉಳಿಸ್ತೀಯೇ?’ ಎಂದಳು ದೊಡ್ಡಕ್ಕ.

‘ಮರೆತೆ. ಕೋಪ ಏನಿಲ್ಲ.’ ರೇಡಿಯೋ ಎದುರಿಗೆ ಕೂತಳು. ‘ಅತ್ತಿಗೆ, ಏನಂತ ಬರೆದಿರಬಹುದು ಅದು?’

‘ಹಗ್ಗ ಎಳೆದ್ರೂ ನಿಲ್ತಿಲ್ಲ, ಸರಿ ಮಾಡ್ಸಿ ಅಂತ.’

‘ಅದು ಮ್ಯಾನೇಜರ್ ಬಾಯಲ್ಲಿ ಬಂದಿದ್ದು. ಅವಳ ಮಾತಲ್ಲಿ ಹೇಗಿತ್ತು ಅಂತ. ಮಾನ್ಯರೇ ಅಂತ ಶುರು ಮಾಡಿರ್ತಾಳೆ ಅಲ್ವಾ?’

‘ಮ್ಯಾನೇಜರ್ ಅವರಿಗೆ ಅಂತ ಬರೆದಿರ್ತಾಳೆ. ಮಾನ್ಯರೇ ಅನ್ನೋಳಲ್ಲ.’

‘ಅನ್ನೋಳೇ. ಸ್ಕೂಲಲ್ಲಿ ರಜಾ ಚೀಟಿ ಬರೀವಾಗ ಹಾಗೇ ಬರೀತಿದ್ಲು. ದಯವಿಟ್ಟು ಅಂತ ಹಾಕಿರ್ತಾಳಾ?’

‘ಯಾಕೆ ದಯವಿಟ್ಟು? ಮಿಷಿನ್ನು ಅವರದ್ದು, ಸರಿ ಮಾಡ್ಸೋದು ಅವರ ಕೆಲಸ.’

‘ಆದ್ರೂ ಹಾಕಿರ್ತಾಳೆ ಕಣೇ. ಹೆದರಿಕೆ ಇರತ್ತಲ್ಲ.’ ರೇಡಿಯೋ ಬೆರಳಿನಿಂದ ಮೇಜಿನ ಮೇಲೆ ಕಾಣದ ಅಕ್ಷರ ಬರೆಯುತ್ತಿದ್ದಳು. ‘ಕೆಳಗೆ ಹೆಸರು ಬರೆದು, ದೊಡ್ಡಕ್ಕನ ಮಗಳು ಅಂತಾನೂ ಬರೆದಿರ್ತಾಳಾ? ನಿನ್ನ ಹೆಸರು ಹೇಳಿದ್ರೆ ಅಲ್ಲಿ ಒಂದು ಮರ್ಯಾದೆ ಇತ್ತಲ್ಲ.’

ರೇಡಿಯೋ ಬರೆಯುವುದನ್ನು ನಿಲ್ಲಿಸಿ, ಇದ್ದಕ್ಕಿದ್ದಂತೆ ತಲೆ ಎತ್ತಿದಳು.

‘ಅದಿರ್ಲಿ, ಮನೇಲಿ ಒಂದು ಮಾತೂ ಹೇಳ್ಲಿಲ್ವಲ್ಲ! ಹನ್ನೊಂದು ದಿನ ನಮ್ಮ ಜೊತೇಲೇ ಉಂಡು ಮಲಗಿದ್ಲು. ನನ್ನ ಹತ್ರ ಬೇಡ, ನಾನು ಡಂಗುರ ಹೊಡೀತೀನಿ ಅಂತ ಇರಬಹುದು. ನಿನಗ್ಯಾಕೆ ಹೇಳ್ಲಿಲ್ಲ?’

ಯಾಕೆಂದು ದೊಡ್ಡಕ್ಕನಿಗೆ ಗೊತ್ತಿತ್ತು. ಕಾಗದದ ವಿಷಯ ಕಂಡ ದಿನದಿಂದಲೂ ಗೊತ್ತಿತ್ತು. ಯಾವ ವಕೀಲೆಗೂ, ಯಾವ ಸಂಧಾನಕಾರರಿಗೂ ಅವಳು ಅದನ್ನು ಹೇಳಿರಲಿಲ್ಲ. ಮಗಳು ಕೆಲಸಕ್ಕೆ ಸೇರಿದ ಮೊದಲ ದಿನ, ಬುತ್ತಿಯ ಡಬ್ಬಿ ಕೈಗೆ ಕೊಡುತ್ತ, ಬುದ್ಧಿ ಹೇಳಿ ಕಳಿಸಿದ್ದಳು. ಅದನ್ನೇ ವರ್ಷದಲ್ಲಿ ಹತ್ತು ಸಲ ಹೇಳಿದ್ದಳು. ಹಗ್ಗ ಸರಿಯಿಲ್ಲ ಅಂತ ಮಗಳು ಯಾವತ್ತೋ ಒಮ್ಮೆ ಊಟದ ನಡುವೆ ಎತ್ತಿದಾಗಲೂ, ತಾನು ಸಾರು ಬಡಿಸುತ್ತ ಅದನ್ನೇ ಹೇಳಿದ್ದಳು.

‘ನಾನೇ ಹೇಳಿದ್ದೆ’ ಎಂದಳು ದೊಡ್ಡಕ್ಕ. ‘ಗಿರಣೀಲಿ ಏನೇ ಕಂಡ್ರೂ ಬಾಯಿ ಮುಚ್ಕೊಂಡಿರು, ಏನನ್ನೂ ಬರೆದುಕೊಡಬೇಡ ಅಂತ.’

ರೇಡಿಯೋಗೆ ಕೇಳಿಸುವ ಪ್ರಶ್ನೆಯೇ ಇರಲಿಲ್ಲ. ಅವಳು ಅತ್ತಿಗೆಯ ತುಟಿಯನ್ನು ನೋಡುತ್ತಿದ್ದಳು. ನೋಡಿ ಮುಗಿದ ಮೇಲೂ ಕಣ್ಣು ತೆಗೆಯಲಿಲ್ಲ. ಆಮೇಲೆ ಎದ್ದು ಹೋಗಿ ಸಕ್ಕರೆ ಡಬ್ಬಿ ತಂದು ಅತ್ತಿಗೆಯ ಲೋಟಕ್ಕೆ ಒಂದು ಚಮಚ ಹಾಕಿ, ಕಲಕಿ, ಪಕ್ಕದಲ್ಲಿ ಕೂತಳು. ಚಹಾ ತಣ್ಣಗಾಗಿತ್ತು. ಸಕ್ಕರೆ ಕರಗಲಿಲ್ಲ.